ಉಪ್ಪುಗಾಳಿಯ ಊರಲ್ಲಿ ನಿಲ್ಲದ ಕಂಪ್ಯೂಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಶಿರಸಿ ಕಡೆಯ ಸೊಸೈಟಿಗಳು, ಆಸ್ಪತ್ರೆಗಳು, ಶಾಲೆಗಳು, ಐಸ್ ಫ್ಯಾಕ್ಟರಿಗಳಿಂದ ಬರುವ ಪ್ರಶ್ನೆಗಳಿವು. ಪ್ರಶ್ನೆಯನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಮೊದಲಿನವು ಎಲ್ಲರಿಗೆ, ಕೊನೆಯವು ಸರ್ವರ್ ನೋಡಿಕೊಳ್ಳುವವರಿಗೆ ಮತ್ತು ಬೋರ್ಡ್ ವಿನ್ಯಾಸ ಮಾಡುವವರಿಗೆ.

## ಮೊದಲು ತಿಳಿಯಬೇಕಾದ್ದು

ಒಳ್ಳೆ ಕಂಪ್ಯೂಟರ್ ಅಂದ್ರೆ ಹಾಳಾಗದ ಕಂಪ್ಯೂಟರ್ ತಾನೇ?

ಹಾಳಾಗದ ಯಂತ್ರವಿಲ್ಲ. ನೋಡಬೇಕಾದ ಗುಣ ಮೂರು. ಎಷ್ಟು ಕಾಲಕ್ಕೊಮ್ಮೆ ಕೆಡುತ್ತದೆ ಎಂಬುದು ವಿಶ್ವಾಸಾರ್ಹತೆ. ಬೇಕಾದ ಹೊತ್ತಿಗೆ ಕೆಲಸಕ್ಕೆ ಸಿಗುತ್ತದೆಯೇ ಎಂಬುದು ಲಭ್ಯತೆ. ಕೆಟ್ಟಾಗ ಎಷ್ಟು ಬೇಗ, ಯಾರ ಕೈಯಲ್ಲಿ ಸರಿಯಾಗುತ್ತದೆ ಎಂಬುದು ದುರಸ್ತಿ ಸುಲಭತೆ.

ಲೆಕ್ಕ ಹೀಗೆ: ಸರಾಸರಿ ಓಡುವ ಗಂಟೆಗಳನ್ನು, ಓಡುವ ಗಂಟೆ ಮತ್ತು ದುರಸ್ತಿಯ ಗಂಟೆಗಳ ಮೊತ್ತದಿಂದ ಭಾಗಿಸಿದರೆ ಲಭ್ಯತೆ ಸಿಗುತ್ತದೆ. 10,000 ಗಂಟೆಗೊಮ್ಮೆ ಕೆಡುವ ಯಂತ್ರಕ್ಕೆ ಹುಬ್ಬಳ್ಳಿಯಿಂದ ಬಿಡಿಭಾಗ ಬಂದು ಸರಿಯಾಗಲು 72 ಗಂಟೆ ಹಿಡಿದರೆ ಲಭ್ಯತೆ ಶೇ. 99.29. ಅದೇ ಯಂತ್ರದ ಬಿಡಿಭಾಗ ಕಪಾಟಿನಲ್ಲಿದ್ದು 4 ಗಂಟೆಯಲ್ಲಿ ಸರಿಯಾದರೆ ಶೇ. 99.96. ಈಗ ಎರಡು ಪಟ್ಟು ಗಟ್ಟಿ ಯಂತ್ರ ಕೊಳ್ಳೋಣ, 20,000 ಗಂಟೆಗೊಮ್ಮೆ ಕೆಡುವಂಥದ್ದು. ದುರಸ್ತಿಗೆ ಮಾತ್ರ ಆ 72 ಗಂಟೆಯೇ ಇರಲಿ. ಬರುವುದು ಶೇ. 99.64. ಹಣ ಕೊಟ್ಟು ಕೊಂಡ ಗಟ್ಟಿತನ ಕಪಾಟಿನ ಬಿಡಿಭಾಗಕ್ಕೆ ಸೋತಿತು. ನಮ್ಮ ಜಿಲ್ಲೆಯ ಮಟ್ಟಿಗೆ ಕೆಳಗಿನ ಉತ್ತರಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ.

ಶೇ. 99.9 ಅಂತ ಕೊಟೇಶನ್‌ನಲ್ಲಿ ಬರೀತಾರಲ್ಲ, ಅದು ಎಷ್ಟು ಹೊತ್ತಿನ ಲೆಕ್ಕ?

ವರ್ಷಕ್ಕೆ 8 ಗಂಟೆ 46 ನಿಮಿಷ ನಿಲ್ಲಬಹುದು ಎಂದು. ಶೇ. 99 ಎಂದರೆ ಮೂರೂವರೆ ದಿನಕ್ಕಿಂತ ತುಸು ಹೆಚ್ಚು, 99.99 ಎಂದರೆ ಸುಮಾರು 53 ನಿಮಿಷ, 99.999 ಎಂದರೆ ಐದೂಕಾಲು ನಿಮಿಷ. ಒಂದೊಂದು ಒಂಬತ್ತು ಸೇರಿದಂತೆ ಖರ್ಚು ಏರುತ್ತದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೌಂಟರ್ ನಡೆಸುವ ಸೊಸೈಟಿಗೆ ರಾತ್ರಿ ಎರಡು ಗಂಟೆಗೆ ಯಂತ್ರ ನಿಂತರೆ ನಷ್ಟವಿಲ್ಲ. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಇದೆ. ಯಾವ ಗಂಟೆಗಳಿಗೆ ಈ ಮಾತು ಅನ್ವಯ, ಪೂರ್ವಸೂಚನೆ ಕೊಟ್ಟು ನಿಲ್ಲಿಸಿದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ.

ಹಾರ್ಡ್‌ಡಿಸ್ಕಿಗೆ ಎಂಟಿಬಿಎಫ್ 10 ಲಕ್ಷ ಗಂಟೆ ಅಂತ ಇದೆ. 114 ವರ್ಷ ಬಾಳ್ತದಾ?

ಇಲ್ಲ. ಎಂಟಿಬಿಎಫ್ ಎಂದರೆ ಒಮ್ಮೆ ಕೆಟ್ಟು ಮತ್ತೊಮ್ಮೆ ಕೆಡುವವರೆಗಿನ ಸರಾಸರಿ ಗಂಟೆಗಳು. ಅದು ಒಂದು ಡಿಸ್ಕಿನ ಆಯಸ್ಸಲ್ಲ, ದೊಡ್ಡ ಗುಂಪಿನ ಲೆಕ್ಕ. ವರ್ಷದ 8,760 ಗಂಟೆಯನ್ನು 10 ಲಕ್ಷದಿಂದ ಭಾಗಿಸಿದರೆ ಶೇ. 0.88 ಸಿಗುತ್ತದೆ: ಹೊಸದಾಗಿರುವ, ಹೇಳಿದ ಉಷ್ಣತೆಯಲ್ಲಿರುವ 100 ಡಿಸ್ಕುಗಳಲ್ಲಿ ವರ್ಷಕ್ಕೆ ಸುಮಾರು ಒಂದು ಕೆಡಬಹುದು ಎಂದಷ್ಟೇ ಅರ್ಥ. ಸವೆತ ಶುರುವಾದ ಮೇಲೆ ಈ ಅಂಕೆ ಸುಳ್ಳಾಗುತ್ತದೆ. ಬದಲಿಸುವ ಯೋಜನೆಯನ್ನು ವಾರಂಟಿಯ ಅವಧಿ ನೋಡಿ ಮಾಡಿ.

ಎಲ್ಲಕ್ಕಿಂತ ಮೊದಲು ಕೈಕೊಡುವುದು ಯಾವುದು?

ತಿರುಗುವಂಥದ್ದು, ಬಿಸಿಯಾಗುವಂಥದ್ದು, ಒಂದಕ್ಕೊಂದು ತಾಗಿ ನಿಂತಿರುವಂಥದ್ದು. ಅಂದರೆ ಫ್ಯಾನು, ಡಿಸ್ಕು, ಪವರ್ ಸಪ್ಲೈ, ಯುಪಿಎಸ್ ಬ್ಯಾಟರಿ, ಕನೆಕ್ಟರುಗಳು. ಪ್ರೊಸೆಸರ್ ತಾನಾಗಿ ಸಾಯುವುದು ಅಪರೂಪ.

ಪವರ್ ಸಪ್ಲೈ ಸಾಯುವುದು ಹೆಚ್ಚಾಗಿ ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಿಂದ. ಒಳಗಿನ ದ್ರವ ನಿಧಾನಕ್ಕೆ ಆರುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಆಯಸ್ಸು ಎರಡು ಪಟ್ಟಾಗುತ್ತದೆ, 10 ಡಿಗ್ರಿ ಏರಿದರೆ ಅರ್ಧವಾಗುತ್ತದೆ ಎಂಬುದು ಕೆಲಸಕ್ಕೆ ಬರುವ ಅಂದಾಜು. 85 ಡಿಗ್ರಿಗೆ 2,000 ಗಂಟೆ ಎಂದು ಬರೆದ ಅಗ್ಗದ ಕೆಪಾಸಿಟರ್ 65 ಡಿಗ್ರಿಯಲ್ಲಿ 8,000 ಗಂಟೆ ಬಾಳುತ್ತದೆ. ಹಗಲೂ ರಾತ್ರಿ ಓಡಿದರೆ ಹನ್ನೊಂದು ತಿಂಗಳು. 105 ಡಿಗ್ರಿಗೆ 5,000 ಗಂಟೆಯದ್ದು ಅದೇ ಜಾಗದಲ್ಲಿ 80,000 ಗಂಟೆ, ಒಂಬತ್ತು ವರ್ಷ. ಎರಡರ ಬೆಲೆಯ ವ್ಯತ್ಯಾಸ ಕೆಲವೇ ರೂಪಾಯಿ. ಯುಪಿಎಸ್‌ನ ಮುಚ್ಚಿದ ಲೆಡ್ ಬ್ಯಾಟರಿಯದ್ದೂ ಇದೇ ಕಥೆ: 25 ಡಿಗ್ರಿಯ ಮೇಲೆ ಪ್ರತಿ 8ರಿಂದ 10 ಡಿಗ್ರಿಗೆ ಆಯಸ್ಸು ಅರ್ಧ. ಯುಪಿಎಸ್ಸನ್ನು ಕಿಟಕಿಯಿಲ್ಲದ ಮೂಲೆಗೆ, ಮೆಟ್ಟಿಲ ಕೆಳಗೆ ತುರುಕಬೇಡಿ.

## ಉಪ್ಪು, ಪಸೆ, ಸಿಡಿಲು

ಬೇಸಿಗೆಯಲ್ಲಿ ಸರಿ ಇದ್ದ ಮದರ್‌ಬೋರ್ಡು ಜೂನ್ ಬಂದ ಕೂಡ್ಲೇ ಯಾಕೆ ಕಿರಿಕಿರಿ ಮಾಡ್ತದೆ?

ಕೆಟ್ಟದ್ದು ಜೂನ್‌ನಲ್ಲಲ್ಲ, ಮಾರ್ಚ್‌ನಿಂದಲೇ ತಯಾರಿ ನಡೆದಿರುತ್ತದೆ. ಕಡಲಗಾಳಿಯ ಉಪ್ಪು ಧೂಳಿನ ಜೊತೆ ಬೋರ್ಡಿನ ಮೇಲೆ ಕೂರುತ್ತದೆ. ಒಣಗಿರುವಷ್ಟು ದಿನ ಅದು ವಿದ್ಯುತ್ತನ್ನು ಹೆಚ್ಚೇನೂ ಹರಿಯಗೊಡುವುದಿಲ್ಲ. ಶುದ್ಧ ಅಡುಗೆ ಉಪ್ಪು ಗಾಳಿಯ ಸಾಪೇಕ್ಷ ತೇವಾಂಶ ಶೇ. 75 ದಾಟಿದಾಗ ಪಸೆ ಹೀರಿ ನೀರಾಗುತ್ತದೆ. ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಷಿಯಂ ಕ್ಲೋರೈಡ್‌ಗೆ ಶೇ. 33 ಸಾಕು. ಮಳೆಗಾಲದಲ್ಲಿ ಕಾರವಾರದ ಗಾಳಿ ಈ ಎರಡೂ ಗೆರೆಗಳನ್ನು ದಿನವಿಡೀ ದಾಟಿಯೇ ಇರುತ್ತದೆ. ಆಗ ಚಿಪ್ಪಿನ ಒಂದು ಕಾಲಿನಿಂದ ಪಕ್ಕದ ಕಾಲಿಗೆ ಸಣ್ಣ ಸೋರಿಕೆ, ಅದರ ಬೆನ್ನಿಗೆ ತಾಮ್ರಕ್ಕೆ ಹಸಿರು ಕಿಲುಬು.

ಆದ್ದರಿಂದ ತೊಳೆಯುವ ಸಮಯ ಮೇ ತಿಂಗಳ ಕೊನೆ. ಯಂತ್ರ ಆರಿಸಿ, ವೈರು ಕಿತ್ತು, ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆಯಿರಿ. ಒಣ ಬ್ರಷ್‌ನಿಂದ ಧೂಳು ತೆಗೆದ ಮೇಲೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿದ ಮೆತ್ತನೆಯ ಬ್ರಷ್‌ನಿಂದ ಎರಡು ಸಲ ತೊಳೆಯಿರಿ. ಆಮೇಲೆ ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ನೀರನ್ನು ಓಡಿಸಿ, ಫ್ಯಾನಿನ ಗಾಳಿಗೆ ಇಡೀ ರಾತ್ರಿ ಒಣಗಿಸಿ. ಹಲವರು ನೇರವಾಗಿ ಆಲ್ಕೊಹಾಲ್ ಹಾಕುತ್ತಾರೆ. ಉಪ್ಪು ಅದರಲ್ಲಿ ಕರಗುವುದು ತೀರ ಕಡಿಮೆ; ಜಿಡ್ಡು ಹೋಗುತ್ತದೆ, ಉಪ್ಪು ಜಾಗ ಬದಲಿಸುತ್ತದೆ ಅಷ್ಟೆ. ನಲ್ಲಿ ನೀರು, ಬಾವಿ ನೀರು ಬೇಡ. ಫ್ಯಾನು, ಡಿಸ್ಕು, ರಿಲೇ, ಪವರ್ ಸಪ್ಲೈ ಇವನ್ನು ತೊಳೆಯುವ ಗೋಜಿಗೆ ಹೋಗಬೇಡಿ.

ರ್‍ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ ಹಾಕಿದ್ರೆ ಕಂಪ್ಯೂಟರ್ ಶುರುವಾಗ್ತದೆ. ಪ್ರತಿ ಮಳೆಗಾಲ ಮಾಡ್ಬಹುದಾ?

ಶುರುವಾಗುವುದು ನಿಜ, ಆದರೆ ಅದರ ಶ್ರೇಯ ರಬ್ಬರಿಗೆ ಸಲ್ಲುವುದು ಅರ್ಧ ಮಾತ್ರ. ಬಿಸಿ ತಣ್ಣಗಿನ ಏರಿಳಿತಕ್ಕೆ ಕನೆಕ್ಟರ್ ಕೂದಲೆಳೆಯಷ್ಟು ಜರುಗುತ್ತ ಇರುತ್ತದೆ, ತಾಗುವ ಜಾಗದಲ್ಲಿ ತೆಳು ಕಿಲುಬು ಕಟ್ಟುತ್ತದೆ. ಕಿತ್ತು ಮತ್ತೆ ಒತ್ತುವಾಗಲೇ ಆ ಪದರ ಸವರಿ ಹೋಗುತ್ತದೆ. ರ್‍ಯಾಮ್‌ನ ಬಂಗಾರದ ಲೇಪ ಒಂದು ಮೈಕ್ರಾನ್‌ಗಿಂತ ತೆಳು. ವರ್ಷವರ್ಷ ಉಜ್ಜಿದರೆ ಒಳಗಿನ ನಿಕಲ್ ಹೊರಗೆ ಕಾಣುತ್ತದೆ, ಆಮೇಲೆ ತೊಂದರೆ ಮೂರು ತಿಂಗಳಿಗೊಮ್ಮೆ ಬರತೊಡಗುತ್ತದೆ. ಮೊದಲು ಎರಡು ಮೂರು ಸಲ ಕಿತ್ತು ಹಾಕಿ ನೋಡಿ. ಆಗದಿದ್ದರೆ ಆಲ್ಕೊಹಾಲ್ ಅದ್ದಿದ ನೂಲು ಬಿಡದ ಬಟ್ಟೆ. ರಬ್ಬರ್ ಕೊನೆಯ ಉಪಾಯ. ಸ್ಲಾಟಿನ ಒಳಗಿನ ಕಿಲುಬು ಇವ್ಯಾವುದರಿಂದಲೂ ಹೋಗುವುದಿಲ್ಲ.

ಸರ್ವರ್ ರೂಮಿಗೆ ಎಸಿ ಹಾಕಿದ್ದೇವೆ. ಆದ್ರೂ ಕ್ಯಾಬಿನೆಟ್ ಮೇಲೆ ನೀರು ಪಸೆ ಯಾಕೆ?

ಕೋಣೆ ತೀರ ತಂಪಾಗಿದೆ, ಬಾಗಿಲು ತೀರ ತೆರೆದಿದೆ. ಹೊರಗೆ 28 ಡಿಗ್ರಿ, ತೇವಾಂಶ ಶೇ. 90 ಇದ್ದಾಗ ಇಬ್ಬನಿ ಬಿಂದು, ಅಂದರೆ ಗಾಳಿಯ ಪಸೆ ನೀರಾಗತೊಡಗುವ ಉಷ್ಣತೆ, ಸುಮಾರು 26 ಡಿಗ್ರಿ. 18 ಡಿಗ್ರಿಗೆ ತಂಪಾಗಿಸಿದ ಕಬ್ಬಿಣದ ಮೇಲೆ ಆ ಗಾಳಿ ಬಿದ್ದರೆ ನೀರಾಗದೆ ಇನ್ನೇನು? ಕರೆಂಟು ಹೋಗಿ ಎಸಿ ನಿಂತಾಗ ಕಿಟಕಿ ತೆರೆಯುವುದು ಇನ್ನೂ ಕೆಟ್ಟ ಅಭ್ಯಾಸ.

ಎಸಿಯನ್ನು 25–26 ಡಿಗ್ರಿಗೆ ಇಡಿ. ಸರ್ವರ್‌ಗಳಿಗೆ ಶಿಫಾರಸಾದ ಮಿತಿಯೇ 18ರಿಂದ 27. ಮಳೆಗಾಲದಲ್ಲಿ ಡ್ರೈ ಮೋಡ್, ಅಥವಾ ಬೇರೆಯೇ ಡಿಹ್ಯುಮಿಡಿಫೈಯರ್ ಇಟ್ಟು ತೇವಾಂಶ ಶೇ. 60ರೊಳಗೆ ಇರಲಿ. ಕೇಬಲ್ ಬರುವ ತೂತುಗಳನ್ನು ಮುಚ್ಚಿ. ಎಸಿಯ ಕೆಳಗೆ ನೇರವಾಗಿ ಕ್ಯಾಬಿನೆಟ್ ಇಡಬೇಡಿ. ಡ್ರೈನ್ ಪೈಪು ಕಟ್ಟಿಕೊಳ್ಳುವುದು ಇವತ್ತಲ್ಲ ನಾಳೆ ಗ್ಯಾರಂಟಿ. ಮಳೆಗಾಲದಲ್ಲಿ ಯಂತ್ರವನ್ನು ರಾತ್ರಿ ಆರಿಸದೆ ಬಿಟ್ಟರೆ ಅದರ ಬಿಸಿಗೇ ಒಳಗು ಒಣಗಿರುತ್ತದೆ.

ನಾವು ಶಿರಸಿಯವರು, ಸಮುದ್ರ ದೂರ. ನಮಗೆ ಇದೆಲ್ಲ ಬೇಡ ಅಲ್ದಾ?

ಉಪ್ಪಿನ ಚಿಂತೆ ಬೇಡ. ಬೂಷ್ಟು, ಇರುವೆ, ಹಲ್ಲಿ, ಅಡಿಕೆ ವಖಾರಿಯ ಧೂಳು ಇವೆಯಲ್ಲ. ಬೆಚ್ಚಗಿನ ಪವರ್ ಸಪ್ಲೈ ಒಳಗೆ ಹಲ್ಲಿ ಸೇರಿಕೊಂಡು ಶಾರ್ಟ್ ಆಗುವುದು ಮಲೆನಾಡಿನಲ್ಲಿ ಹೊಸತಲ್ಲ. ಕ್ಯಾಬಿನೆಟ್ ಹಿಂದೆ ಖಾಲಿ ಸ್ಲಾಟ್‌ಗಳ ತಗಡು ಪಟ್ಟಿ ಕಳೆದಿದ್ದರೆ ಮೊದಲು ಅದನ್ನು ಹಾಕಿ. ಗಾಳಿ ಒಳಬರುವ ಕಡೆ ತೊಳೆಯಬಹುದಾದ ಫಿಲ್ಟರ್ ಇರಲಿ, ತಿಂಗಳಿಗೊಮ್ಮೆ ತೊಳೆಯಿರಿ. ಕಟ್ಟಿಕೊಂಡ ಫಿಲ್ಟರ್, ಫಿಲ್ಟರ್ ಇಲ್ಲದ್ದಕ್ಕಿಂತ ಕಡೆ.

ಸಿಡಿಲಿಗೆ ಯುಪಿಎಸ್ ಇದೆಯಲ್ಲ, ಸಾಕಾಗುದಿಲ್ವಾ?

ಸಾಕಾಗದು. ಯುಪಿಎಸ್ ಕರೆಂಟಿನ ದಾರಿ ಕಾಯುತ್ತದೆ. ಸಿಡಿಲಿನ ಹೊಡೆತ ಬ್ರಾಡ್‌ಬ್ಯಾಂಡ್ ವೈರಿನಿಂದ, ಕಚೇರಿಯಿಂದ ಗೋಡೌನಿಗೆ ಎಳೆದ ತಾಮ್ರದ ನೆಟ್‌ವರ್ಕ್ ಕೇಬಲ್ಲಿನಿಂದ, ಸಿಸಿ ಕ್ಯಾಮರಾದ ತಂತಿಯಿಂದ ಬರುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಮಾತ್ರ ಎಳೆಯಿರಿ, ಅದೂ ಲೋಹದ ತಂತಿಯಿಲ್ಲದ ನಮೂನೆಯದ್ದು.

ಮೇನ್ ಬೋರ್ಡಿನಲ್ಲಿ ಸರ್ಜ್ ರಕ್ಷಕ, ಅಂದರೆ ಥಟ್ಟನೆ ಏರಿದ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸಾಧನ, ಹಾಕಿಸಿ. ಅದರ ಎರಡೂ ಕಡೆಯ ತಂತಿ ಸೇರಿ ಅರ್ಧ ಮೀಟರ್ ದಾಟಬಾರದು. ಸಿಡಿಲಿನ ಪ್ರವಾಹ ಎಷ್ಟು ಥಟ್ಟನೆ ಏರುತ್ತದೆಂದರೆ ಒಂದೊಂದು ಮೀಟರ್ ತಂತಿಯ ಮೇಲೂ ಸಾವಿರ ವೋಲ್ಟಿನ ಆಸುಪಾಸು ಏಳಬಹುದು. ಅಷ್ಟೂ ನಿಮ್ಮ ಯಂತ್ರದ ಪಾಲಿಗೆ ಬರುತ್ತದೆ. ತಂತಿಯನ್ನು ಚಂದ ಕಾಣಲೆಂದು ಸುತ್ತು ಹಾಕಿ ಬಿಡುವ ಎಲೆಕ್ಟ್ರಿಶಿಯನ್‌ಗೆ ಇದನ್ನು ಪಕ್ಕದಲ್ಲಿ ನಿಂತು ಹೇಳಬೇಕು. ಕರೆಂಟಿಗೊಂದು, ಇಂಟರ್‌ನೆಟ್ಟಿಗೊಂದು ಎಂದು ಬೇರೆ ಬೇರೆ ಅರ್ಥಿಂಗ್ ಬೇಡ. ಎಲ್ಲವನ್ನೂ ಒಂದೇ ಪಟ್ಟಿಗೆ ಕೂಡಿಸಿ. ಅರ್ಥಿಂಗ್ ರೋಧವನ್ನು ಅಳೆಯಬೇಕಾದ್ದು ಏಪ್ರಿಲ್–ಮೇಯಲ್ಲಿ: ಚಿರೇಕಲ್ಲಿನ ನೆಲ ಆಗ ಒಣಗಿ ರೋಧ ಏರಿರುತ್ತದೆ, ಮುಂಗಾರಿಗೆ ಮುಂಚಿನ ಗುಡುಗು ಬರುವುದೂ ಆಗಲೇ. ಆಗಸ್ಟಿನಲ್ಲಿ ಅಳೆದ ಅಂಕೆ ಸಮಾಧಾನಕ್ಕೆ ಮಾತ್ರ. 5 ಓಮ್‌ಗಿಂತ ಕಡಿಮೆ ಇರಲಿ.

## ಕೆಟ್ಟಾಗ ಬೇಗ ಏಳುವಂತೆ

ಎರಡು ಪವರ್ ಸಪ್ಲೈ ಇರುವ ಸರ್ವರ್ ತಗೊಂಡ್ವಿ. ಆದ್ರೂ ನಿಂತುಹೋಯ್ತು, ಯಾಕೆ?

ಎರಡರ ವೈರನ್ನೂ ಒಂದೇ ಯುಪಿಎಸ್‌ಗೆ, ಬಹುಶಃ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿರುತ್ತೀರಿ. ತಲಾ ಶೇ. 99 ಲಭ್ಯತೆಯ ಎರಡು ಭಾಗ ಸೇರಿದರೆ ಶೇ. 99.99 ಆಗುವುದು ಎರಡೂ ಒಂದಕ್ಕೊಂದು ಸಂಬಂಧವಿಲ್ಲದೆ ಕೆಟ್ಟರೆ ಮಾತ್ರ. ಒಂದನ್ನು ಯುಪಿಎಸ್‌ಗೆ, ಇನ್ನೊಂದನ್ನು ಬೇರೆ ಎಂಸಿಬಿಯಿಂದ ಬರುವ ಎರಡನೇ ಯುಪಿಎಸ್‌ಗೆ ಕೊಡಿ; ಎರಡನೆಯದು ಇಲ್ಲದಿದ್ದರೆ ಸರ್ಜ್ ರಕ್ಷಣೆಯಿರುವ ನೇರ ಲೈನ್ ಆದರೂ ಆದೀತು. ಇನ್ನೊಂದು ಕಾರಣ, ಭಾರ. ಎರಡೂ ಸೇರಿ ಹೊರುವ ಭಾರವನ್ನು ಒಂದೇ ಹೊರಲಾರದಿದ್ದರೆ ಮೊದಲನೆಯದು ಹೋದ ಕ್ಷಣವೇ ಎರಡನೆಯದೂ ಹೋಗುತ್ತದೆ. ಡಿಸ್ಕು, ಕಾರ್ಡು ಸೇರಿಸುತ್ತ ಹೋದ ಹಳೆಯ ಸರ್ವರ್‌ಗಳಲ್ಲಿ ಹೀಗಾಗುತ್ತದೆ.

ಓಡುತ್ತಿರುವಾಗಲೇ ಡಿಸ್ಕ್ ಕಿತ್ತರೆ ಸುಟ್ಟುಹೋಗುದಿಲ್ವಾ?

ಅದಕ್ಕೆಂದೇ ಮಾಡಿದ ಯಂತ್ರದಲ್ಲಿ ಇಲ್ಲ. ಆ ಕನೆಕ್ಟರಿನ ಪಿನ್‌ಗಳು ಉದ್ದಗಿಡ್ಡ ಇರುತ್ತವೆ. ಒತ್ತುವಾಗ ಮೊದಲು ಅರ್ಥ್ ತಾಗುತ್ತದೆ, ಆಮೇಲೆ ವಿದ್ಯುತ್ತು, ಕೊನೆಗೆ ಸಂಕೇತದ ತಂತಿಗಳು. ಕೀಳುವಾಗ ಇದರ ತಿರುಗುಮುರುಗು. ಖಾಲಿ ಕೆಪಾಸಿಟರ್‌ಗಳು ಒಮ್ಮೆಲೇ ಪ್ರವಾಹ ಎಳೆಯದಂತೆ ತಡೆಯುವ ಸರ್ಕಿಟ್ ಬೇರೆ ಇರುತ್ತದೆ. ಮನೆಯ ಪಿಸಿಯಲ್ಲಿ ಇವೆಲ್ಲ ಇರುತ್ತವೆಂದು ನಂಬಿ ಕೈ ಹಾಕಬೇಡಿ.

ಓಡುತ್ತಲೇ ಬದಲಿಸುವುದರ ಬಲ ಎಷ್ಟೆಂಬುದಕ್ಕೆ ದೂರ ಹೋಗಬೇಕಿಲ್ಲ. ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ, ಆಗ ವಿಶ್ವದಾಖಲೆ ಮಾಡಿತು. ಭಾರಜಲದ ಆ ನಮೂನೆಯ ರಿಯಾಕ್ಟರ್‌ನಲ್ಲಿ ಇಂಧನವನ್ನು ನಿಲ್ಲಿಸದೆಯೇ ಬದಲಿಸಬಹುದು. ಇಂಧನಕ್ಕಾಗಿ ನಿಲ್ಲಿಸಲೇಬೇಕಾದ ನಮೂನೆಯದ್ದಾಗಿದ್ದರೆ, ಎಷ್ಟು ಗಟ್ಟಿಯಾಗಿದ್ದರೂ ಆ ಅಂಕೆ ಬರುತ್ತಿರಲಿಲ್ಲ.

ಕಪಾಟಿನಲ್ಲಿ ಯಾವ ಯಾವ ಸ್ಪೇರ್ ಇಟ್ಟುಕೊಳ್ಳಬೇಕು?

ಒಂದು ಸರ್ವರ್, ಹತ್ತು ಕಂಪ್ಯೂಟರ್ ಇರುವ ಕಚೇರಿಗೆ ಇಷ್ಟು: ಸರ್ವರ್‌ನ ಪವರ್ ಸಪ್ಲೈ 1, ಅದೇ ಗಾತ್ರದ ಅಥವಾ ದೊಡ್ಡ ಡಿಸ್ಕ್ 2, ಫ್ಯಾನ್ 2, ರ್‍ಯಾಮ್ 1, ಸಾಮಾನ್ಯ ಪಿಸಿಯ ಪವರ್ ಸಪ್ಲೈ 2, ಸಿಆರ್2032 ಐದು, ನೆಟ್‌ವರ್ಕ್ ಸ್ವಿಚ್ 1. ಸ್ವಿಚ್ಚಿಗೆ ಸೆಟ್ಟಿಂಗ್ ಮೊದಲೇ ತುಂಬಿಸಿಡಿ. ಖಾಲಿ ಸ್ವಿಚ್ ಇದ್ದರೆ ಬಿಡಿಭಾಗ ಅರ್ಧವೇ ಇದ್ದಂತೆ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು 66ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಅರಬೈಲ್, ದೇವಿಮನೆ ಘಟ್ಟಗಳದ್ದೂ ಮಳೆಗಾಲದಲ್ಲಿ ಭರವಸೆಯಿಲ್ಲ. ನಾಲ್ಕು ತಾಸಿನ ಸೇವಾ ಕರಾರು ಘಟ್ಟದ ಆಚೆ ಕಡೆಯವರ ಜೊತೆ ಇದ್ದರೆ ಜುಲೈಯಲ್ಲಿ ಅದಕ್ಕೆ ಬೆಲೆಯಿಲ್ಲ.

ಬಿಡಿಭಾಗಗಳನ್ನು ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ, ಗಾಳಿ ಹೋಗದ ಡಬ್ಬದಲ್ಲಿಡಿ. ವರ್ಷಕ್ಕೊಮ್ಮೆ ಯಂತ್ರಕ್ಕೆ ಹಾಕಿ ಓಡಿಸಿ. ಯುಪಿಎಸ್ ಬ್ಯಾಟರಿಯನ್ನು ಮಾತ್ರ ದಾಸ್ತಾನು ಮಾಡಬೇಡಿ. ಕೂತಲ್ಲೇ ಡಿಸ್ಚಾರ್ಜ್ ಆಗಿ ಸಾಯುತ್ತದೆ.

ರಿಪೇರಿಗೆ ಸುಲಭವೋ ಅಲ್ಲವೋ ಅಂತ ಕೊಳ್ಳುವ ಮೊದಲೇ ಹೇಗೆ ತಿಳಿಯುದು?

ತಂದು ತೋರಿಸುವವರಿಗೆ ನಿಮ್ಮೆದುರೇ ಫ್ಯಾನ್ ಬದಲಿಸಲು ಹೇಳಿ, ಗಡಿಯಾರ ನೋಡಿ. ಐದು ನಿಮಿಷದೊಳಗೆ, ಒಂದೇ ಸ್ಕ್ರೂಡ್ರೈವರಿನಲ್ಲಿ ಅಥವಾ ಅದೂ ಇಲ್ಲದೆ ಆಗಬೇಕು. ಒಂದು ಭಾಗ ತೆಗೆಯಲು ಕೆಡದ ಬೇರೆ ಭಾಗಗಳನ್ನು ಬಿಚ್ಚಬೇಕಾಗುತ್ತದೆಯೇ? ಬಿಚ್ಚಿದ ಸ್ಕ್ರೂ ಮುಚ್ಚಳದಲ್ಲೇ ಉಳಿಯುತ್ತದೆಯೇ, ಬೋರ್ಡಿನ ಮೇಲೆ ಬೀಳುತ್ತದೆಯೇ? ಕನೆಕ್ಟರನ್ನು ತಿರುವುಮುರುವು ಹಾಕಲು ಸಾಧ್ಯವೇ? ಕೆಟ್ಟ ಡಿಸ್ಕಿನ ಪಕ್ಕವೇ ಹಳದಿ ದೀಪ ಹತ್ತುತ್ತದೆಯೇ? ಎರಡನೇ ಡಿಸ್ಕ್ ಕೆಟ್ಟಾಗ ಮೂರನೆಯದನ್ನು ಕಿತ್ತು ಎಲ್ಲ ಕಳೆದುಕೊಳ್ಳುವುದು ಈ ದೀಪವಿಲ್ಲದ ಕಡೆಯೇ. ಹಿಡಿಕೆಯ ಬಣ್ಣದ ಅರ್ಥವನ್ನೂ ಕೇಳಿಕೊಳ್ಳಿ. ಹಲವು ಸರ್ವರ್‌ಗಳಲ್ಲಿ ಇಟ್ಟಿಗೆ ಬಣ್ಣದ ಹಿಡಿಕೆಯಿದ್ದರೆ ಓಡುವಾಗಲೇ ತೆಗೆಯಬಹುದು, ನೀಲಿಯಿದ್ದರೆ ಆರಿಸಿ ತೆಗೆಯಬೇಕು.

## ಸ್ವಲ್ಪ ಆಳಕ್ಕೆ

ಇಸಿಸಿ ರ್‍ಯಾಮ್ ಅಂದ್ರೆ ಏನು? ಡಿಡಿಆರ್5ನಲ್ಲಿ ಹೇಗೂ ಇದೆಯಂತಲ್ಲ?

ಪ್ರತಿ 64 ಬಿಟ್ ದತ್ತಾಂಶಕ್ಕೆ 8 ತಪಾಸಣೆ ಬಿಟ್ ಸೇರಿಸಿ ಇಡುವುದು ರೂಢಿಯ ಪದ್ಧತಿ. ಒಂದು ಬಿಟ್ ತಪ್ಪಾದರೆ ತಾನೇ ತಿದ್ದುತ್ತದೆ, ಎರಡು ತಪ್ಪಾದರೆ ತಿದ್ದದಿದ್ದರೂ ಪತ್ತೆ ಹಚ್ಚಿ ನಿಲ್ಲಿಸುತ್ತದೆ. ಇದರ ಬೇರು ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಸಂಕೇತ. ಲೆಕ್ಕಪತ್ರದ ಯಂತ್ರಕ್ಕೆ ಆ ನಿಲ್ಲಿಸುವ ಗುಣವೇ ಮುಖ್ಯ: ತಪ್ಪು ಬಾಕಿ ಬರೆದುಕೊಂಡು ಮುಂದೆ ಹೋಗುವುದಕ್ಕಿಂತ ನಿಂತುಬಿಡುವುದು ಲೇಸು. ಡಿಡಿಆರ್5 ಎಂಬ ಹೊಸ ಪೀಳಿಗೆಯ ಮೆಮೊರಿಯ ಚಿಪ್ಪಿನೊಳಗಿನ ಇಸಿಸಿ ಚಿಪ್ಪಿನ ಒಳಗಿನ ತಪ್ಪಿಗೆ ಮಾತ್ರ. ಚಿಪ್ಪಿನಿಂದ ಪ್ರೊಸೆಸರ್‌ಗೆ ಹೋಗುವ ದಾರಿಯ, ಅಂದರೆ ನಮ್ಮ ಕಿಲುಬು ಹಿಡಿದ ಕನೆಕ್ಟರಿನ ತಪ್ಪು ಅದಕ್ಕೆ ಕಾಣುವುದಿಲ್ಲ. ಸರ್ವರ್‌ಗೆ ಪೂರ್ಣ ಇಸಿಸಿಯನ್ನೇ ಕೇಳಿ, ಬೋರ್ಡು ಮತ್ತು ಪ್ರೊಸೆಸರ್ ಎರಡೂ ಅದಕ್ಕೆ ಒಗ್ಗುತ್ತವೆಯೇ ನೋಡಿ.

ಲಾಗ್‌ನಲ್ಲಿ ‘ತಪ್ಪು ತಿದ್ದಲಾಗಿದೆ’ ಅಂತ ಬರ್ತಾ ಇದೆ. ತಿದ್ದಿ ಆಯ್ತಲ್ಲ, ಬಿಡಬಹುದಾ?

ತಿಂಗಳಿಗೊಂದು ಬಂದರೆ ಬಿಡಿ. ಅದೇ ಸ್ಲಾಟಿನಿಂದ ದಿನವೂ ಬಂದರೆ, ಅಥವಾ ಸಂಖ್ಯೆ ಏರುತ್ತ ಹೋದರೆ, ಮುಂದಿನ ರಜೆಯ ದಿನ ಆರಿಸಿ ಮೊದಲು ಕಿತ್ತು ಹಾಕಿ; ಮತ್ತೆ ಅದೇ ಆದರೆ ಪಕ್ಕದ ಸ್ಲಾಟಿಗೆ ಹಾಕಿ ನೋಡಿ. ತಪ್ಪು ರ್‍ಯಾಮ್ ಜೊತೆ ಹೋದರೆ ರ್‍ಯಾಮ್ ಬದಲಿಸಿ. ಸ್ಲಾಟಿನಲ್ಲೇ ಉಳಿದರೆ ಬೋರ್ಡಿಗೆ ಕಾಯಿಲೆ.

ನಾಲ್ಕು ಡಿಸ್ಕಿಗೆ ರೇಡ್ 5 ಸಾಕಾ, 6 ಬೇಕಾ?

ಹಲವು ಡಿಸ್ಕುಗಳನ್ನು ಕೂಡಿಸಿ, ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಬರೆಯುವ ಪದ್ಧತಿ ರೇಡ್; ರೇಡ್ 5 ಒಂದು ಡಿಸ್ಕ್ ಹೋದರೆ ಮಾತ್ರ ತಡೆಯುತ್ತದೆ. 4 ಟೆರಾಬೈಟಿನ ನಾಲ್ಕು ಡಿಸ್ಕ್ ಎಂದಿಟ್ಟುಕೊಳ್ಳಿ. ರೇಡ್ 5ರಲ್ಲಿ ಒಂದು ಸತ್ತಾಗ ಉಳಿದ ಮೂರನ್ನೂ, ಅಂದರೆ 12 ಟೆರಾಬೈಟನ್ನು, ಒಂದೂ ತಪ್ಪಿಲ್ಲದೆ ಓದಬೇಕು. ಸಾಮಾನ್ಯ ಡಿಸ್ಕುಗಳ ವಿವರಪಟ್ಟಿಯಲ್ಲಿ ಓದಲಾಗದ ತಪ್ಪಿನ ಮಿತಿ ಒಂದು ಕೋಟಿ ಕೋಟಿ ಬಿಟ್‌ಗೆ ಒಂದು, ಅಂದರೆ 12.5 ಟೆರಾಬೈಟಿಗೆ ಒಂದು. ಡಿಸ್ಕುಗಳು ವಾಸ್ತವದಲ್ಲಿ ಇದಕ್ಕಿಂತ ಚೆನ್ನಾಗಿ ನಡೆದುಕೊಂಡರೂ ಇಷ್ಟು ಇಕ್ಕಟ್ಟಿನಲ್ಲಿ ನಿಲ್ಲುವುದು ಜಾಣತನವಲ್ಲ. ನಾಲ್ಕಕ್ಕೆ ರೇಡ್ 10 ಅಥವಾ 6 ಮಾಡಿ. ಎರಡರಲ್ಲೂ ಸಿಗುವ ಜಾಗ ಒಂದೇ, 8 ಟೆರಾಬೈಟ್. 6ರಲ್ಲಿ ಯಾವ ಎರಡು ಡಿಸ್ಕ್ ಹೋದರೂ ಉಳಿಯುತ್ತೀರಿ, 10ರಲ್ಲಿ ಮರುಜೋಡಣೆ ಬೇಗ. ತಿಂಗಳಿಗೊಮ್ಮೆ ಪೂರ್ತಿ ಓದಿಸಿ ಪರೀಕ್ಷಿಸುವಂತೆ ಹೊಂದಿಸಿ. ಯಾರೂ ಮುಟ್ಟದ ಮೂಲೆಯ ತಪ್ಪು ಮರುಜೋಡಣೆಯ ದಿನವೇ ಗೊತ್ತಾಗಬಾರದು. ಇದ್ಯಾವುದೂ ಬ್ಯಾಕಪ್ ಅಲ್ಲ.

ಕಾರವಾರದ ಬೈತಖೋಲದ ಐಸ್ ಪ್ಲಾಂಟಿಗೆ ನಾವೇ ಕಂಟ್ರೋಲರ್ ಬೋರ್ಡ್ ಮಾಡ್ತಿದ್ದೇವೆ. ಎಲ್ಲಿ ಎಚ್ಚರ ಬೇಕು?

ಬೋರ್ಡಿಗೆ ಬೆಳ್ಳಿ ಲೇಪ ಬೇಡ, ನಿಕಲ್ ಮೇಲೆ ಬಂಗಾರದ ಲೇಪ ಮಾಡಿಸಿ. 230 ವೋಲ್ಟ್ ಮತ್ತು ಕಡಿಮೆ ವೋಲ್ಟಿನ ಭಾಗಗಳ ನಡುವೆ ಬೋರ್ಡನ್ನೇ ಸೀಳಿ ಗಾಳಿಯ ಅಂತರ ಬಿಡಿ. ಉಪ್ಪು ನೀರಾದಾಗ ಬೋರ್ಡಿನ ಮೈಯೇ ತಂತಿಯಾಗುತ್ತದೆ. 24 ವೋಲ್ಟಿನ ಲೈನಿಗೆ 25 ವೋಲ್ಟಿನ ಕೆಪಾಸಿಟರ್ ಹಾಕಬೇಡಿ, 50ರದ್ದು ಹಾಕಿ.

ಬೋರ್ಡನ್ನು ಚೆನ್ನಾಗಿ ತೊಳೆದು ಒಣಗಿಸಿದ ಮೇಲೆಯೇ ರಕ್ಷಣಾ ಲೇಪ ಬಳಿಯಬೇಕು. ಬೆಸುಗೆಯ ಫ್ಲಕ್ಸ್ ಉಳಿದಿರುವಾಗಲೇ ಬಳಿದರೆ ಕಿಲುಬನ್ನು ಒಳಗೇ ಕೂಡಿಹಾಕಿದಂತೆ. ದುರಸ್ತಿ ಮಾಡಬೇಕಾದ ಬೋರ್ಡಿಗೆ ಅಕ್ರಿಲಿಕ್ ಒಳ್ಳೆಯದು, ದ್ರಾವಕದಲ್ಲಿ ಬಿಡುತ್ತದೆ. ಕನೆಕ್ಟರುಗಳಿಗೆ ಮೊದಲೇ ಟೇಪ್ ಹಚ್ಚಿ. ಅಲ್ಯೂಮಿನಿಯಂ ಪೆಟ್ಟಿಗೆಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ತಿನ್ನಲ್ಪಡುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆ, ಕೆಳಮುಖದ ಕೇಬಲ್ ಗ್ಲ್ಯಾಂಡ್ ವಾಸಿ.

ಸಾಫ್ಟ್‌ವೇರ್ ಸಿಕ್ಕಿಬಿದ್ದರೆ ತಾನೇ ಮತ್ತೆ ಶುರುವಾಗಲು ವಾಚ್‌ಡಾಗ್ ಟೈಮರ್ ಇರಲಿ, ಆದರೆ ಶುರುವಾಗುವಾಗ ಕಂಪ್ರೆಸರ್ ರಿಲೇ ಆಫ್ ಸ್ಥಿತಿಯಲ್ಲೇ ಇರಬೇಕು, ಮತ್ತು ಎಷ್ಟು ಸಲ ಹೀಗಾಯಿತು ಎಂಬ ಎಣಿಕೆ ಬೋರ್ಡಿನಲ್ಲಿ ಉಳಿಯಬೇಕು. ರಿಲೇಗಳನ್ನು ಬೆಸುಗೆ ಹಾಕದೆ ಸಾಕೆಟ್ಟಿನಲ್ಲಿ ಕೂರಿಸಿ. ಅವು ಸವೆಯುವ ಭಾಗ. ಬದಲಿಸುವುದು ಪ್ಲಾಂಟಿನ ಆಪರೇಟರ್, ನೀವಲ್ಲ. ಪ್ರತಿ ವೋಲ್ಟೇಜಿಗೆ ಒಂದೊಂದು ದೀಪ, ಪಕ್ಕದಲ್ಲಿ ಕನ್ನಡದಲ್ಲಿ ಹೆಸರು ಅಚ್ಚು ಹಾಕಿಸಿ. ಫೋನಿನಲ್ಲಿ ‘ಎಷ್ಟನೇ ದೀಪ ಹತ್ತಿಲ್ಲ?’ ಎಂದು ಕೇಳಿದರೆ ಅರ್ಧ ದುರಸ್ತಿ ಮುಗಿಯಬೇಕು.

ಎರಡನೇ ಸರ್ವರ್ ಸ್ಟ್ಯಾಂಡ್‌ಬೈ ಇಟ್ಟಿದ್ದೇವೆ. ಪರೀಕ್ಷೆ ಎಷ್ಟು ದಿನಕ್ಕೊಮ್ಮೆ, ಹೇಗೆ?

ಕನಿಷ್ಠ ವರ್ಷಕ್ಕೆ ಎರಡು ಸಲ, ಅದರಲ್ಲೊಂದು ಮೇ ತಿಂಗಳಲ್ಲಿ. ಬ್ಯಾಕಪ್ ತೆಗೆದುಕೊಂಡ ಮೇಲೆ ರಜೆಯ ದಿನ ಮೊದಲನೇ ಸರ್ವರಿನ ಒಂದು ಪವರ್ ವೈರು ಕೀಳಿ. ಸರ್ವರ್ ನಿಲ್ಲಬಾರದು, ಅದರಿಂದ ದೂರಿನ ಸಂದೇಶ ಬರಬೇಕು. ದೂರು ಯಾರ ಫೋನಿಗೆ ಬಂತು, ಅವರು ಇನ್ನೂ ಅಲ್ಲೇ ಕೆಲಸದಲ್ಲಿದ್ದಾರೆಯೇ ನೋಡಿ. ಆಮೇಲೆ ಒಂದು ಡಿಸ್ಕ್. ಮರುಜೋಡಣೆ ಮುಗಿದ ಮೇಲೆ ಇಡೀ ಸರ್ವರನ್ನು ಆರಿಸಿ ಎರಡನೆಯದರಲ್ಲಿ ಒಂದು ಪೂರ್ತಿ ದಿನದ ವ್ಯವಹಾರ ನಡೆಸಿ. ಎರಡರ ನಡುವಿನ ನೆಟ್‌ವರ್ಕ್ ವೈರು ಮಾತ್ರ ಕಿತ್ತಾಗ ಏನಾಗುತ್ತದೆ ಎಂಬುದನ್ನೂ ಬಿಡಬೇಡಿ: ಎರಡೂ ‘ನಾನೇ ಯಜಮಾನ’ ಎಂದು ಬರೆಯತೊಡಗಿದರೆ ಆ ಲೆಕ್ಕ ಕೂಡಿಸುವುದು ಯಾರಿಂದಲೂ ಆಗದ ಕೆಲಸ. ಹಾಗಾಗದಂತೆ ಮೂರನೆಯದೊಂದು ಸಣ್ಣ ಯಂತ್ರವನ್ನು ಸಾಕ್ಷಿಯಾಗಿ ನಿಲ್ಲಿಸಿ; ಮೂರರಲ್ಲಿ ಎರಡರ ಒಪ್ಪಿಗೆ ಇರುವ ಸರ್ವರೇ ಬರೆಯಬೇಕು.